ಸೋಲಬಲ್ಲ ಊಹೆ

ಸಂಶೋಧನಾ ವಿಧಾನ ಎಂಬ ಪತ್ರಿಕೆ ಸ್ನಾತಕೋತ್ತರ ತರಗತಿಗಳಲ್ಲಿ ಒಣ ವಿಷಯವೆಂದೇ ಹೆಸರಾಗಿದೆ. ಪ್ರಾಕ್ಕಲ್ಪನೆ, ಮಾದರಿ ಆಯ್ಕೆ, ಪ್ರಶ್ನಾವಳಿ ಇವುಗಳ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪಾರಾಗುವವರೇ ಹೆಚ್ಚು. ನನಗೆ ಮಾತ್ರ ಇದಕ್ಕಿಂತ ರುಚಿಯಾದ ಓದು ಇನ್ನೊಂದಿಲ್ಲ. ನಮಗೆ ತೀರ ಪ್ರಿಯವಾದ ಊಹೆಯನ್ನೂ ಸೋಲಿಸಬಲ್ಲಂಥ ಪ್ರಶ್ನೆಯನ್ನು ಕಟ್ಟುವುದು ಈ ವಿದ್ಯೆಯ ಕಸುಬು. ವ್ಯಾಖ್ಯೆಗಳಿಂದ ಅದು ಕೈಗೆ ಹತ್ತುವುದಿಲ್ಲ. ಹಿಂದೆ ನಡೆದ ಒಂದು ಹುಡುಕಾಟದ ಬೆನ್ನುಹತ್ತಿ ಕೊನೆತನಕ ಹೋದರೆ ಹತ್ತುತ್ತದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಮಂಗಗಳನ್ನು ಹೀಗೆಯೇ ಕೊಲ್ಲುತ್ತದೆ. ಏಷ್ಯಾದಲ್ಲಿ ನೆಲೆಯಿಲ್ಲದ ಆ ರೋಗ ಇಲ್ಲಿಗೂ ಬಂತೇ ಎಂಬ ಅಳುಕು ಹುಟ್ಟಿದ್ದು ಸಹಜ. ಅದು ಒಳ್ಳೆಯ ಊಹೆ, ಏಕೆಂದರೆ ಅದನ್ನು ಒರೆಗೆ ಹಚ್ಚಬಹುದಿತ್ತು. ಹಳದಿ ಜ್ವರವೇ ಆದರೆ ರೋಗಿಯ ರಕ್ತದಲ್ಲಿ ಅದೇ ವೈರಸ್ ಸಿಗಬೇಕು, ಹರಡುವುದು ಸೊಳ್ಳೆಯಿಂದಲೇ ಆಗಬೇಕು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬೇರ್ಪಡಿಸಿದ್ದು ಬೇರೆಯದೇ ವೈರಸ್, ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ್ದು. ಊಹೆ ಸೋತಿತು, ಆದರೆ ಸೋಲೇ ದಾರಿ ತೋರಿತು: ಕಣ್ಣು ಸೊಳ್ಳೆಯನ್ನು ಬಿಟ್ಟು ತರಗೆಲೆಯ ನೆಲಕ್ಕಿಳಿಯಿತು, ಹೀಮಾಫೈಸಾಲಿಸ್ ಜಾತಿಯ ಉಣುಗುಗಳಲ್ಲಿ ವೈರಸ್ ಸಿಕ್ಕಿತು. ಈ ಕತೆಯಲ್ಲಿ ನಾನು ಮತ್ತೆ ಮತ್ತೆ ನಿಲ್ಲುವುದು ಮಂಗನ ಬಳಿ. ಮಂಗ ಸಾಯುತ್ತದೆ, ಮನುಷ್ಯನಿಗೆ ಜ್ವರ ಬರುತ್ತದೆ, ಎರಡೂ ಜೊತೆಜೊತೆಗೆ. ಹಾಗೆಂದು ಮಂಗ ನೇರವಾಗಿ ನಮಗೆ ರೋಗ ಕೊಡುವುದಿಲ್ಲ. ಇಬ್ಬರನ್ನೂ ಕಚ್ಚುವುದು ಉಣುಗು. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳಿಂದ ಆ ಜಾಗ ಅಪಾಯದ ತಾಣವಾಗುತ್ತದೆ. ಸಹಸಂಬಂಧಕ್ಕೂ ಕಾರಣಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಪಾಠ ಪಠ್ಯಪುಸ್ತಕಗಳಲ್ಲಿ ಅಪರೂಪ.

ಪ್ರಯೋಗಾಲಯವೂ ವರ್ಷಗಳ ಬಿಡುವೂ ಇದ್ದವರಿಗೆ ಇದೆಲ್ಲ ಸರಿ, ಕೆಲಸದ ಒತ್ತಡದಲ್ಲಿರುವ ವೈದ್ಯರಿಗೆ, ಅಧಿಕಾರಿಗಳಿಗೆ, ಪತ್ರಕರ್ತರಿಗೆ ಏನು ಉಪಯೋಗ ಎಂದು ಕೇಳುವವರಿದ್ದಾರೆ. ನನ್ನ ಊಹೆ ತಪ್ಪಾಗಿದ್ದರೆ ಏನು ಕಾಣಬೇಕಿತ್ತು ಎಂದು ಕೇಳಿಕೊಳ್ಳಲು ವರ್ಷಗಳು ಬೇಡ. ಜ್ವರ ಬಂದವರಲ್ಲಿ ಯಾರು ಕಾಡಿಗೆ ಹೋಗಿದ್ದರು, ಹೋದವರಲ್ಲಿ ಯಾರಿಗೆ ಬರಲಿಲ್ಲ ಎಂದು ಬರೆದಿಡಲು ಒಂದು ನೋಟ್‌ಬುಕ್ ಸಾಕು. ಜ್ವರ ಬರದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಾವು ಮರೆಯುವುದು ಹೆಚ್ಚು. ಇನ್ನು, ಲೆಕ್ಕಾಚಾರವನ್ನೆಲ್ಲ ಸಾಫ್ಟ್‌ವೇರ್ ಮಾಡುತ್ತದಲ್ಲ ಎಂಬ ಮಾತು. ಮಂಗದ ಸಾವನ್ನೂ ಮನುಷ್ಯರ ಜ್ವರವನ್ನೂ ಅದಕ್ಕೆ ಉಣಿಸಿದರೆ ಬಲವಾದ ಸಂಬಂಧವಿದೆ ಎಂದೀತು. ಆದರೆ ದತ್ತಾಂಶದಲ್ಲಿ ಇಲ್ಲದ ಉಣುಗನ್ನು ಹುಡುಕಬೇಕೆಂದು ತಿಳಿಯಬೇಕಾದವರು ನಾವು. ವಿಧಾನದ ಶಿಸ್ತು ಜನರ ಅನುಭವವನ್ನು ಕಡೆಗಣಿಸುತ್ತದೆ ಎಂಬ ಆಕ್ಷೇಪವೇ ಇವೆಲ್ಲಕ್ಕಿಂತ ಗಂಭೀರವಾದುದು. ಕೆಲವು ಕಡೆ ಅದು ನಿಜವೂ ಹೌದು. ಇಲ್ಲಿ ಮಾತ್ರ ಕಾಡಂಚಿನ ಜನ ಕಂಡದ್ದೇ ಹುಡುಕಾಟದ ಮೊದಲ ಎಳೆಯಾಯಿತು. ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗವೊಂದು ಕಂಡಿತೆಂದು ಯಾರಾದರೂ ತಿಳಿಸಿದರೆ, ಆರೋಗ್ಯ ಇಲಾಖೆಯ ಎಚ್ಚರಿಕೆಯ ಕೆಲಸ ಶುರುವಾಗುವುದು ಆ ಸುದ್ದಿಯಿಂದಲೇ.