ಒಂದು ರಾತ್ರಿಯ ಮನೆ

ಪುಣೆಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಜ್ಯೇಷ್ಠ ಮಾಸದ ಕೃಷ್ಣಪಕ್ಷವೆಂದರೆ ಪಾಲಖಿಯ ಕಾಲ. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆಗಳೂ ದೇಹುವಿನಿಂದ ತುಕಾರಾಮರ ಪಾದುಕೆಗಳೂ ನಗರಕ್ಕೆ ಬಂದು ತಂಗುತ್ತವೆ. ಮುಂದೆ ಬೇರೆ ಬೇರೆ ದಾರಿ ಹಿಡಿದು ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ ಸೇರುತ್ತವೆ. ಆಳಂದಿಯಿಂದ ಅಲ್ಲಿಗೆ ಸುಮಾರು ೨೫೦ ಕಿಲೋಮೀಟರು. ಈ ವಾರಿಯ ಭಜನೆಯನ್ನೂ ಕುದುರೆಗಳ ರಿಂಗಣವನ್ನೂ ಬಣ್ಣಿಸಿದವರು ಬಹಳ ಮಂದಿ. ಆದರೆ ಮಳೆಗಾಲದಲ್ಲಿ ಅಷ್ಟು ಜನ ರಾತ್ರಿ ಎಲ್ಲಿ ಮಲಗುತ್ತಾರೆ? ಹೆಚ್ಚಿನವರು ಡೇರೆಗಳಲ್ಲಿ. ನಾವು ಇಲ್ಲಿ ಬರೆಯ ಹೊರಟಿರುವುದು ಆ ಡೇರೆಯ ಮಾತು. ವಾಚಕರು ನಗಬಾರದು.

ನಮ್ಮ ಕಚೇರಿಯ ನಾಲ್ಕು ಮನೆಯವರು ರಜೆ ಹಾಕಿ ಪುಣೆಯಿಂದ ಲೋಣಂದದವರೆಗೆ ಒಂದು ದಿಂಡಿಯೊಡನೆ ನಡೆಯುವುದು ವಾಡಿಕೆ. ಪರನಾಡಿನ ಯಾತ್ರೆಯೆಂದು ನಮಗೆ ಎಂದೂ ಅನಿಸಿಲ್ಲ. ಜ್ಞಾನೇಶ್ವರರ ಪಾಲಖಿಯ ಮುಂದೆ ನಡೆಯುವ ಎರಡು ಕುದುರೆಗಳು ಬರುವುದೇ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ, ಅಲ್ಲಿನ ಶಿತೋಳೆ ಸರಕಾರರ ಮನೆತನದಿಂದ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಬರಿದು, ಅದು ಮಾವುಲಿಯ ಕುದುರೆ. ನಮ್ಮ ದಿಂಡಿಯ ಡೇರೆ ನೋಡಿಕೊಳ್ಳುವ ಅಜ್ಜನೂ ಆ ಕಡೆಯವನೇ. ಎಪ್ಪತ್ತು ದಾಟಿದ ಜೀವ. ನಾವು ಡೇರೆಯೆಂದರೆ ಅವನು ರಾವುಟಿ ಎನ್ನುತ್ತಾನೆ.

ಪುಣೆ ಬಿಟ್ಟ ದಿನ ದಿವೇಘಾಟ ಹತ್ತಿ ಸಾಸವಡ ಸೇರಬೇಕು. ಸುಮಾರು ೩೦ ಕಿಲೋಮೀಟರಿನ ನಡಿಗೆ. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯಿರುವ ಊರು ಅದು. ಲಾರಿ ಮೊದಲೇ ಮುಂದೆ ಹೋಗಿರುತ್ತದೆ. ನಡೆದವರು ಕಾಲೆಳೆಯುತ್ತ ಬರುವ ಮುನ್ನ ಡೇರೆ ನಿಂತಿರಬೇಕೆಂಬುದು ಅಜ್ಜನ ಹಟ. ಲಾರಿಯಿಂದ ಇಳಿದವನೇ ಅವನು ಹೊಲವನ್ನೆಲ್ಲ ಒಮ್ಮೆ ಸುತ್ತುತ್ತಾನೆ. ಮೆತ್ತನೆಯ ಹುಲ್ಲಿರುವ ತಗ್ಗು ಅವನಿಗೆ ಬೇಡ. ಗಟ್ಟಿಯಾದ ದಿಬ್ಬವೇ ಬೇಕು. ಮಳೆಗಾಳಿ ಪಡುವಣದಿಂದ ಬೀಸುವುದರಿಂದ ಬಾಗಿಲು ಮೂಡಣಕ್ಕೆ. ಗೂಟಗಳನ್ನು ಮರದ ಕೊಡತಿಯಿಂದ, ತಲೆ ಡೇರೆಯ ಆಚೆಗೆ ವಾಲುವಂತೆ ಬಡಿಯಬೇಕು. ನೆಟ್ಟಗೆ ಬಡಿದ ಗೂಟ ಹಸಿನೆಲದಲ್ಲಿ ಬೇಗ ಕಿತ್ತು ಬರುತ್ತದೆ. ಮೇಲಿನ ಕ್ಯಾನ್ವಾಸ್ ಹೊದಿಕೆಗೂ ಒಳಗಿನ ಬಟ್ಟೆಗೂ ನಡುವೆ ಒಂದು ಗೇಣು ಅಂತರ. ಕೊನೆಗೆ ಸುತ್ತಲೂ ಒಂದು ಗೇಣು ಆಳದ ಕಾಲುವೆ, ಅದರ ಬಾಯಿ ಇಳಿಜಾರಿನ ಕಡೆಗೆ.

ಒಂದು ವರ್ಷ ಸಾಸವಡದಲ್ಲಿಯೇ ನಡುರಾತ್ರಿ ಮಳೆ ಹೊಡೆಯಿತು. ಡೇರೆಯಲ್ಲಿ ಹೆಂಗಸರು, ಮಕ್ಕಳು ಸೇರಿ ನಲವತ್ತು ಮಂದಿ. ನಾವು ಗಂಡಸರು ಎದ್ದು ಹಗ್ಗಗಳನ್ನು ಇನ್ನೂ ಬಿಗಿಯಲು ಓಡಿದರೆ ಅಜ್ಜ ಕತ್ತಲಲ್ಲಿ ಕೂಗಿದ: “ಬಿಗೀಬ್ಯಾಡ್ರೋ ತಮ್ಮಗಳಾ, ಸಡ್ಲ ಬಿಡ್ರಿ! ನೂಲಿನ ಹಗ್ಗ ನೀರ ಕುಡದ್ರ ತಾನs ಬಿಗೀತೈತಿ.” ಮಾತು ನಿಜ. ನೆನೆದ ಹತ್ತಿಯ ಹಗ್ಗ ಕುಗ್ಗುತ್ತದೆ. ಸಡಿಲಿಸದಿದ್ದರೆ ಒಂದೋ ಗೂಟ ಕೀಳಬೇಕು, ಇಲ್ಲವೇ ಬಟ್ಟೆ ಹರಿಯಬೇಕು. ಒಳಗೆ ತಾಯಂದಿರು ಮಕ್ಕಳ ಕೈ ಹಿಡಿದು ಕುಳಿತಿದ್ದರು. ನೂಲು ನೆನೆದು ಉಬ್ಬಿ ನೇಯ್ಗೆಯ ಸಂದುಗಳನ್ನು ಮುಚ್ಚುತ್ತದೆ, ಆದರೆ ನೆನೆದ ಬಟ್ಟೆಗೆ ಒಳಗಿನಿಂದ ಬೆರಳು ತಗುಲಿದರೆ ಅಲ್ಲಿಂದಲೇ ಹನಿ ಇಳಿಯತೊಡಗುತ್ತದೆ. ಹಾಸಿಗೆಯ ಗಂಟನ್ನೂ ಗೋಡೆಗೆ ಒರಗಿಸುವಂತಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದ ಹೊಲದ ಡೇರೆಯೊಂದು ಮಗುಚಿತು. ಅಲ್ಲಿಯ ಹೆಂಗಸರೂ ಕೂಸುಗಳೂ ನಮ್ಮಲ್ಲಿಗೆ ಬಂದರು. ನಲವತ್ತು ಮಂದಿಯ ಜಾಗದಲ್ಲಿ ಅರವತ್ತು ಮಂದಿ ಬೆಳಗಿನವರೆಗೆ ಕುಳಿತೇ ಕಳೆದರು. ಜ್ವರದ ಕೂಸೊಂದಕ್ಕೆ ಮಾತ್ರ ನಡುವೆ ಮಲಗಲು ಎಡೆ ಮಾಡಿಕೊಟ್ಟಿದ್ದರು. ಯಾರ ಭಾಷೆ ಯಾವುದು, ಯಾರ ಊರು ಯಾವುದು ಎಂದು ಕೇಳುವ ಪ್ರಸಂಗವೇ ಬರಲಿಲ್ಲ.

ಆ ರಾತ್ರಿ ಡೇರೆ ತಾಳಿದ್ದು ಉಳಿದ ಹನ್ನೊಂದು ತಿಂಗಳ ಆರೈಕೆಯಿಂದ ಎಂಬುದು ನಮಗೆ ಆಮೇಲೆ ತಿಳಿಯಿತು. ದಾರಿಯಲ್ಲಿ ಹಸಿಯಾಗಿಯೇ ಮಡಚುವುದು ಅನಿವಾರ್ಯ. ಆದರೆ ಮುಂದಿನ ತಂಗುದಾಣದಲ್ಲಿ ಮೊದಲು ಬಿಚ್ಚುವುದು ಅದನ್ನೇ. ಹಸಿ ಕ್ಯಾನ್ವಾಸ್ ಕೆಲವು ದಿನ ಮಡಿಕೆಯಲ್ಲೇ ಉಳಿದರೆ ಬೂಷ್ಟು ಹಿಡಿದು ನೂಲನ್ನೇ ತಿನ್ನುತ್ತದೆ. ಯಾತ್ರೆ ಮುಗಿದ ಮೇಲೆ ಒಣಗಿದ ಕೆಸರನ್ನು ಬ್ರಷ್ಷಿನಿಂದ ಉಜ್ಜಿ, ಬರೀ ನೀರಿನಿಂದ ತೊಳೆಯಬೇಕು. ಸಾಬೂನಿನ ಪುಡಿ ಸಲ್ಲದು. ನೀರು ತಡೆಯಲು ಬಟ್ಟೆಗೆ ಬಳಿದ ಲೇಪವನ್ನು ಅದು ಕಿತ್ತುಹಾಕುತ್ತದೆ. ಹೊಲಿಗೆಗಳಿಗೆ ಜೇನುಮೇಣ ತಿಕ್ಕಿ, ಚೆನ್ನಾಗಿ ಒಣಗಿದ ಮೇಲೆ ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು.

೨೦೨೦ ಮತ್ತು ೨೦೨೧ರಲ್ಲಿ ಕೋವಿಡ್‌ನಿಂದಾಗಿ ನಡಿಗೆಯ ವಾರಿ ನಿಂತಿತು. ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು. ಆ ಎರಡು ವರ್ಷವೂ ಅಜ್ಜ ಊರಿನಿಂದ ಫೋನು ಮಾಡುತ್ತಿದ್ದ: “ರಾವುಟಿ ಬಿಸಲಿಗಿ ಹಾಕಿದ್ರೇನು?” ನಮ್ಮ ಕ್ಷೇಮವನ್ನು ಕೇಳುವುದು ಅದಾದ ಮೇಲೆ. ನಿರ್ಬಂಧ ಸಡಿಲಿದಾಗಲೆಲ್ಲ ನಾವು ಗಚ್ಚಿಯ ಮೇಲೆ ಅದನ್ನು ಬಿಚ್ಚಿ ಹರಡುತ್ತಿದ್ದೆವು. ೨೦೨೨ರಲ್ಲಿ ವಾರಿ ಮತ್ತೆ ನಡೆದಾಗ ಬಟ್ಟೆ ಎಲ್ಲಿಯೂ ಜೀರ್ಣವಾಗಿರಲಿಲ್ಲ.

ಈಗ ದಿಂಡಿಯಲ್ಲೊಂದು ಚರ್ಚೆ. ಪ್ಲಾಸ್ಟಿಕ್ ತಾಡಪತ್ರಿ ಹಗುರ, ಅಗ್ಗ. ಈ ಭಾರ ಏಕೆಂದು ಹುಡುಗರ ವಾದ. ಅದೂ ಸುಳ್ಳಲ್ಲ. ಆದರೆ ಪ್ಲಾಸ್ಟಿಕ್ ಉಸಿರಾಡದು. ಒಳಗಿನವರ ಉಸಿರೇ ಆವಿಯಾಗಿ ಮೇಲೆ ಕಟ್ಟಿ, ಹನಿಯಾಗಿ ಮೈಮೇಲೆ ಬೀಳುತ್ತದೆ. ಕೊನೆಗೆ ಅಕ್ಕಿ ಬೇಳೆಯ ಚೀಲಗಳಿಗೆ ಪ್ಲಾಸ್ಟಿಕ್, ಹೆಂಗಸರಿಗೂ ಮಕ್ಕಳಿಗೂ ಕ್ಯಾನ್ವಾಸ್ ಎಂದು ತೀರ್ಮಾನವಾಯಿತು. ಅಜ್ಜನಿಗೆ ಮೊಣಕಾಲು ನೋವು. ಕಳೆದ ಸಲ ಅವನು ಬರಲಾಗಲಿಲ್ಲ. ಕೊಡತಿ ಹಿಡಿದವರು ಅದೇ ಹುಡುಗರು. ಗೂಟ ವಾಲಿಸಿ ಬಡಿಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಸಂಘದ ಸೋದರ ಸೋದರಿಯರಲ್ಲಿ ಯಾರಿಗಾದರೂ ಮುಂದಿನ ಜ್ಯೇಷ್ಠದಲ್ಲಿ ಬರುವ ಮನಸ್ಸಿದ್ದರೆ ಈಗಲೇ ತಿಳಿಸಲಿ. ಕಾಲುವೆ ತೋಡಲು ಇನ್ನೂ ನಾಲ್ಕು ಕೈ ಬೇಕು.