ಗೋಲಗುಮ್ಮಟಕ್ಕೆ ಹೋಗಿ ಬಂದದ್ದು

ಶಾಲೆಯ ಪ್ರವಾಸಕ್ಕೆ ಸ್ಥಳ ಆರಿಸುವುದು ಸುಲಭ; ವಾಹನ ಗೊತ್ತುಮಾಡುವುದೇ ಕಷ್ಟ. ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ರಾತ್ರಿ ಮರಳಬಹುದು. ಬಾಡಿಗೆ ಬಸ್ಸು ಮಾಡಿದರೆ ಗೋಲಗುಮ್ಮಟ, ಬಾರಾ ಕಮಾನು, ಮಲಿಕ್-ಎ-ಮೈದಾನ ತೋಪು, ಇಬ್ರಾಹಿಂ ರೋಜಾ ಎಲ್ಲವನ್ನೂ ತೋರಿಸಬಹುದೆಂದು ನಾವು ಲೆಕ್ಕ ಹಾಕಿದೆವು. ತಲಾ ವಂತಿಗೆ ಎಷ್ಟೆಂದು ತಿಳಿಸಿದಾಗ 42 ಮಕ್ಕಳಲ್ಲಿ ಒಂಬತ್ತು ಮಂದಿ ಕೈ ಎತ್ತಲಿಲ್ಲ. ಕಾರಣ ಕೇಳಬೇಕಾಗಿರಲಿಲ್ಲ.

ಶಿಕ್ಷಕರೆಲ್ಲ ಮತ್ತೆ ಕುಳಿತೆವು. ಹೋಟಗಿ ಮಾರ್ಗದ ರೈಲಿಗೆ ಖರ್ಚು ಕಡಿಮೆ. ವಿಜಯಪುರ ನಿಲ್ದಾಣದಿಂದ ಗುಮ್ಮಟಕ್ಕೆ ನಡೆದೇ ಹೋಗಬಹುದು. ಆದರೆ ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾ ಕೈಬಿಡಬೇಕು. 33 ಮಕ್ಕಳು ನಾಲ್ಕು ಸ್ಥಳ ನೋಡುವುದಕ್ಕಿಂತ ಎಲ್ಲರೂ ಒಂದನ್ನು ನೋಡುವುದೇ ಮೇಲೆಂದು ನಿರ್ಧರಿಸಿದೆವು. ಮರಳುವ ರೈಲಿನ ವೇಳೆಯನ್ನು ಮೊದಲು ಬರೆದುಕೊಂಡು, ಉಳಿದದ್ದನ್ನು ಅದಕ್ಕೆ ಹೊಂದಿಸಿದೆವು. ಬುತ್ತಿ ಮನೆಯದೇ: ಜೋಳದ ರೊಟ್ಟಿ, ಶೇಂಗಾ ಚಟ್ನಿ.

ರೈಲು ಭೀಮಾ ನದಿ ದಾಟುವಾಗ ಮಕ್ಕಳೆಲ್ಲ ಕಿಟಕಿಗೆ ಮುಗಿಬಿದ್ದರು. ಮುಹಮ್ಮದ ಆದಿಲಶಾಹನ ಆ ಸಮಾಧಿ 1656ರಲ್ಲಿ ಮುಗಿದದ್ದು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಒಳಗಿನ ಮೊಗಸಾಲೆ ಸೇರಿದೆವು. ಆ ಒಂಬತ್ತರಲ್ಲೊಬ್ಬ ಹುಡುಗ ಗೋಡೆಯತ್ತ ಬಾಗಿ ಪಿಸುದನಿಯಲ್ಲಿ ತನ್ನ ಹೆಸರು ಹೇಳಿದ. ಎದುರು ಬದಿಯಲ್ಲಿ ನಿಂತಿದ್ದ ನಮಗೆ ಅದು ಸ್ಪಷ್ಟವಾಗಿ ಕೇಳಿಸಿತು. ವರ್ಷವೆಲ್ಲ ಹಾಜರಿ ಕರೆದರೂ ಅವನ ದನಿಯನ್ನು ನಾವು ಅಷ್ಟು ಚೆನ್ನಾಗಿ ಕೇಳಿರಲಿಲ್ಲ.

ಇಬ್ರಾಹಿಂ ರೋಜಾ ಮುಂದಿನ ವರ್ಷಕ್ಕಿರಲಿ.