ಅಕ್ಕನ ಹವಳ

ಹವಳವೆಂದರೆ ನಮ್ಮ ಬಯಲುಸೀಮೆಯವರಿಗೆ ಅಕ್ಕಸಾಲಿಗನ ಅಂಗಡಿಯ ವಸ್ತು. ಅಜ್ಜಿಯ ಕೊರಳ ಸರದಲ್ಲಿ ಚಿನ್ನದ ಗುಂಡುಗಳ ನಡುವೆ ಪೋಣಿಸಿದ ಕೆಂಪು ಮಣಿ, ಹಿರಿಯರ ಬೆರಳಿನ ಉಂಗುರದ ಕಲ್ಲು. ಬೈಬಲಿನ ಯೋಬನ ಗ್ರಂಥವೂ ಹವಳವನ್ನು ಬೆಲೆಬಾಳುವ ರತ್ನಗಳ ಸಾಲಿನಲ್ಲಿಯೇ ಇರಿಸುತ್ತದೆ. ಘಟ್ಟ ಇಳಿಯದೆ ಕಡಲು ಕಾಣದ ಅರಸೀಕೆರೆಯಂತಹ ಊರಿನಲ್ಲಿ ಹವಳವೂ ಒಂದು ಜೀವಿಯೆಂದು, ಅದೂ ಹಸಿಯುತ್ತದೆ, ನೋಯುತ್ತದೆ, ಬಣ್ಣಗೆಡುತ್ತದೆ ಎಂದು ಯಾರಿಗೆ ತಾನೆ ತೋಚೀತು? ಐವತ್ತು ದಾಟಿದ ಮೇಲೆ ನಾನಿದನ್ನು ಕಲಿತೆ. ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

ನನ್ನ ಹಿರಿಯಕ್ಕ 2020ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಲಾಕ್‌ಡೌನಿನ ದಿನಗಳವು. ಅಂತ್ಯಕ್ರಿಯೆಗೆ ಇಪ್ಪತ್ತು ಜನರಿಗಷ್ಟೇ ಅವಕಾಶ; ಹೊರದೇಶಗಳ ವಿಮಾನಗಳು ಮಾರ್ಚಿಯಲ್ಲೇ ನಿಂತುಹೋಗಿದ್ದವು. ದುಬೈಯಲ್ಲಿ ಎಂಜಿನಿಯರನಾಗಿದ್ದ ಅವರ ಒಬ್ಬನೇ ಮಗ ತಾಯಿಯ ಮಣ್ಣನ್ನು ಮೊಬೈಲಿನ ತೆರೆಯ ಮೇಲೆ ನೋಡಿದ. ಪ್ರಾರ್ಥನೆ ಹೇಳುತ್ತಿದ್ದವನು ನಾನು. ನಡುವೆ ಎರಡು ಸಲ ಸಂಪರ್ಕ ಕಡಿದುಹೋಯಿತು. ಅವನು ಯಾವುದನ್ನು ಕಂಡ, ಯಾವುದನ್ನು ಕಾಣಲಿಲ್ಲ ಎಂದು ನಾನು ಇಂದಿಗೂ ಕೇಳಿಲ್ಲ.

ಆ ವರ್ಷದ ಕೊನೆಯಲ್ಲಿ ಅವನು ಮನೆಯೊಳಗೆ ಸಮುದ್ರದ ನೀರಿನ ಗಾಜಿನ ತೊಟ್ಟಿಯೊಂದನ್ನು ಮಾಡಿ ಹವಳ ಸಾಕತೊಡಗಿದ್ದಾನೆಂದು ತಿಳಿಯಿತು. ಖರ್ಚು ಎಷ್ಟೆಂದು ಕೇಳಿ ನಾನು ದೂರವಾಣಿಯಲ್ಲೇ ಬುದ್ಧಿ ಹೇಳಿದೆ: “ಆ ಹಣದಲ್ಲಿ ನಾಲ್ಕು ಬಡ ಮಕ್ಕಳ ಶಾಲಾ ಶುಲ್ಕ ಕಟ್ಟಬಹುದಿತ್ತಲ್ಲಪ್ಪ.” ಅವನು ಎದುರಾಡಲಿಲ್ಲ. “ಹೌದು ಮಾವ” ಎಂದಷ್ಟೇ ಹೇಳಿ ಮಾತು ಬದಲಿಸಿದ.

2023ರ ಜನವರಿಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ವಿಶ್ರಾಂತಿಗೆಂದು ಅವನ ಮನೆಗೆ ಹೋದೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿ; ಸುಮಾರು 450 ಲೀಟರ್ ನೀರು. ಮೇಲೆ ನೀಲಿ ಬೆಳಕಿನ ದೀಪ. ಒಳಗೆ ಅಲೆಗಳಂತೆ ನೀರನ್ನು ತಳ್ಳುವ ಎರಡು ಪಂಪುಗಳು. ಬಂಡೆಗಳ ಮೇಲೆ ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ಹವಳಗಳು. ಎಲ್ಲಕ್ಕಿಂತ ಎತ್ತರದಲ್ಲಿ, ನಡುಬಂಡೆಯ ನೆತ್ತಿಯ ಮೇಲೆ ಅಂಗೈಯಗಲದ ಒಂದು ಕವಲು ಹವಳ. ಅಕ್ರೊಪೊರ ಎಂಬ ಕುಲದ್ದಂತೆ. ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದದ್ದರ ಕಿರುಬೆರಳ ಗೆಣ್ಣಿನಷ್ಟು ತುಣುಕನ್ನು ತಂದು ಅಂಟಿಸಿ ಎರಡು ವರ್ಷಗಳಲ್ಲಿ ಇಷ್ಟಾಗಿಸಿದ್ದ. ಅವನ ಹೆಂಡತಿ ಮೆಲ್ಲಗೆ ಹೇಳಿದಳು: “ಅದು ಅತ್ತೆಯ ಹವಳ. ತೊಟ್ಟಿಗೆ ಮೊದಲು ತಂದದ್ದು ಅದನ್ನೇ. ಅತ್ತೆಗೆ ನೇರಳೆ ಬಣ್ಣ ಇಷ್ಟ ಅಂತ.”

ಆದರೆ ನಾನು ಕಂಡಾಗ ಅದು ನೇರಳೆಯಾಗಿರಲಿಲ್ಲ. ಕಾಫಿಯ ಗಷ್ಟಿನಂತೆ ಕಂದು ಬಣ್ಣಕ್ಕೆ ತಿರುಗಿತ್ತು. “ಕಾಯಿಲೆಯೇ?” ಎಂದೆ. ಅಳಿಯ ನಕ್ಕ. ಆ ಸಂಜೆ ಅವನು ಹೇಳಿದ ಪಾಠವನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಹವಳವೆಂದರೆ ಪಾಲಿಪ್ ಎಂಬ ಅತಿ ಸಣ್ಣ ಪ್ರಾಣಿಗಳ ಒಕ್ಕೂಟ. ಅವು ನೀರಿನಲ್ಲಿರುವ ಸುಣ್ಣದ ಅಂಶವನ್ನು ತೆಗೆದುಕೊಂಡು ತಮ್ಮ ಕೆಳಗೆ ಕಲ್ಲಿನ ಮನೆ ಕಟ್ಟುತ್ತವೆ. ಅವುಗಳ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿ ಬಿಡಾರ ಹೂಡಿರುತ್ತದೆ. ಹಗಲೆಲ್ಲ ಬೆಳಕಿನಿಂದ ಅಡುಗೆ ಮಾಡುವ ಈ ಬಿಡಾರದವರು ತಮ್ಮ ಪಾಕದ ಹೆಚ್ಚಿನ ಪಾಲನ್ನು ಮನೆಯೊಡೆಯನಿಗೆ ಒಪ್ಪಿಸುತ್ತಾರೆ. ಕಂದು ಬಣ್ಣ ಈ ಪಾಚಿಯದು. ನೇರಳೆ, ನೀಲಿ, ಗುಲಾಬಿಗಳು ಹವಳ ತಾನೇ ತಯಾರಿಸಿಕೊಳ್ಳುವ ವರ್ಣದ್ರವ್ಯಗಳು. ಹಲವು ಸಂದರ್ಭಗಳಲ್ಲಿ ಅವು ಪ್ರಖರ ಬೆಳಕಿಗೆ ಹಿಡಿದ ಕೊಡೆಯಂತೆ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚಾದರೆ ಪಾಚಿ ಮಿತಿಮೀರಿ ಬೆಳೆದು ಹವಳದ ಸ್ವಂತ ಬಣ್ಣವನ್ನು ಮುಚ್ಚಿಬಿಡುತ್ತದೆ. ಬೆಳಕು ಸಾಲದಿದ್ದರೂ ಹಾಗೆಯೇ. ಇತ್ತ ಆ ಪೋಷಕಾಂಶಗಳು ತೀರಾ ಇಲ್ಲವಾದರೆ ಹವಳ ಸೊರಗಿ ಪೇಲವವಾಗುತ್ತದೆ. ನಮ್ಮ ಆಭರಣದ ಕೆಂಪು ಹವಳದಲ್ಲಿ ಬಣ್ಣವಿರುವುದು ಎಲುಬಿನಲ್ಲಿ. ಪ್ರಾಣಿ ಸತ್ತು ಶತಮಾನವಾದರೂ ಅದು ಉಳಿಯುತ್ತದೆ. ಈ ಹವಳಗಳ ಬಣ್ಣವಿರುವುದು ಜೀವಂತ ಮಾಂಸದಲ್ಲಿ. ಜೀವ ಹೋದರೆ ಬಣ್ಣವೂ ಹೋಯಿತು, ಉಳಿಯುವುದು ಸುಣ್ಣ.

“ಮೀನುಗಳಿಗೆ ತಿನಿಸು ಹೆಚ್ಚಾಗಿ ಹಾಕಿದೆ ಮಾವ. ಅದು ಕೊಳೆತು ಫಾಸ್ಫೇಟ್ ಏರಿದೆ. ಈಗ ತಿನಿಸು ಕಡಿಮೆ ಮಾಡಿದ್ದೇನೆ. ವಾರಕ್ಕೆ ನೂರರಲ್ಲಿ ಹತ್ತು ಪಾಲು ನೀರು ಬದಲಿಸುತ್ತಿದ್ದೇನೆ.”

“ಎಷ್ಟು ದಿನಕ್ಕೆ ಬಣ್ಣ ಬರುತ್ತದೆ?”

“ಐದಾರು ತಿಂಗಳು ಬೇಕಾದೀತು.”

ಅಷ್ಟರಲ್ಲಿ ಮಂಗಳೂರಿನಲ್ಲಿದ್ದ ಅವನ ಮಾವನವರಿಗೆ ಅಸ್ವಸ್ಥತೆಯಾಗಿ ಗಂಡ ಹೆಂಡತಿ ಮೂರು ವಾರ ಊರಿಗೆ ಹೊರಡಬೇಕಾಯಿತು. ತೊಟ್ಟಿ ನನ್ನ ಪಾಲಿಗೆ ಬಂತು. ಅಳಿಯ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದಿಟ್ಟ. ಉಷ್ಣತೆ 26 ಡಿಗ್ರಿ. ಉಪ್ಪು ಸಾವಿರಕ್ಕೆ 35 ಪಾಲು. ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ. ಕ್ಷಾರೀಯತೆ ಜರ್ಮನ್ ಮಾಪನದಲ್ಲಿ 8 ಡಿಗ್ರಿ. ಅದನ್ನು ದಿನವೂ ಅಳೆಯಬೇಕು, ಏಕೆಂದರೆ ಹವಳ ಮನೆ ಕಟ್ಟುವಾಗ ಬೇಗನೆ ಕರಗುವ ಬಂಡವಾಳ ಅದು. 8 ಇರಲಿ, 9 ಇರಲಿ, ಅದಕ್ಕಿಂತ ಮುಖ್ಯವಾದದ್ದು ಇಂದು 8, ನಾಳೆ 10, ನಾಡಿದ್ದು 7 ಎಂದು ಓಲಾಡದಿರುವುದು. ಆವಿಯಾದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಮೀನಿಗೆ ಎರಡು ಚಿಟಿಕೆ ತಿನಿಸು. ಹಾಳೆಯ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ: ದೀಪವನ್ನು ಮುಟ್ಟಬೇಡಿ.

ಮೊದಲ ಐದು ದಿನ ವಿಧೇಯನಾಗಿ ನಡೆದುಕೊಂಡೆ. ಆಮೇಲೆ ನನ್ನೊಳಗಿನ ಉಪಕಾರಿ ಎಚ್ಚರಗೊಂಡ. ಬೆಳಕು ಹೆಚ್ಚಿದರೆ ಬಣ್ಣ ಹೆಚ್ಚುತ್ತದೆ ಎಂದು ಅವನ ಕಪಾಟಿನಲ್ಲಿದ್ದ ಪುಸ್ತಕವೊಂದರಲ್ಲಿ ಓದಿದ್ದೆ. ಅದು ಸುಳ್ಳೇನಲ್ಲ. ಆದರೆ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕೆಂಬ ಮುಂದಿನ ಸಾಲನ್ನು ನನ್ನ ಉತ್ಸಾಹ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಕ್ಕಳು ಹಿಂದಿರುಗುವಷ್ಟರಲ್ಲಿ ಅಕ್ಕನ ಹವಳ ನೇರಳೆಯಾಗಿರಬೇಕು, ನಾಲ್ಕು ಶುಲ್ಕದ ಮಾತಿಗೆ ಅದು ನನ್ನ ಪ್ರಾಯಶ್ಚಿತ್ತವಾಗಬೇಕು ಎಂಬ ಆಸೆ. ನೀಲಿ 70, ಬಿಳಿ 15 ಇದ್ದ ದೀಪವನ್ನು ಎರಡೂ 100ಕ್ಕೆ ಏರಿಸಿದೆ.

ನಾಲ್ಕನೆಯ ದಿನ ಕಂದು ಬಣ್ಣ ತಿಳಿಯಾಗತೊಡಗಿತು. ಆರನೆಯ ದಿನ ಕವಲುಗಳ ಮೇಲುಭಾಗ ನಸುಹಳದಿಯಾಯಿತು. ಬಣ್ಣ ಹೊರಬರುತ್ತಿದೆ ಎಂದು ಹಿಗ್ಗಿದೆ. ಎಂಟನೆಯ ದಿನ ಅದು ಮಲ್ಲಿಗೆಯಂತೆ ಬೆಳ್ಳಗಾಗಿ ಹೊಳೆಯುತ್ತಿತ್ತು. ನಿಜ ಹೇಳುತ್ತೇನೆ, ಅಷ್ಟು ಸುಂದರವಾಗಿ ಅದು ಎಂದೂ ಕಂಡಿರಲಿಲ್ಲ. ಚಿತ್ರ ತೆಗೆದು ಹೆಮ್ಮೆಯಿಂದ ಕಳುಹಿಸಿದೆ: “ನೋಡು, ಕಂದು ಪೂರ್ತಿ ಹೋಯಿತು.”

ಮರುಕ್ಷಣವೇ ಕರೆ ಬಂತು. “ಮಾವ, ದೀಪ ಮುಟ್ಟಿದಿರಾ?”

“ಇಲ್ಲಪ್ಪ” ಎಂದುಬಿಟ್ಟೆ.

ಇಪ್ಪತ್ತೈದು ವರ್ಷ ಪರರ ಪಾಪನಿವೇದನೆ ಕೇಳಿದ ಕಿವಿ ನನ್ನದು. ಒಂದು ದೀಪದ ಗುಂಡಿಯ ವಿಷಯದಲ್ಲಿ ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಹತ್ತು ನಿಮಿಷ ತೊಟ್ಟಿಯ ಮುಂದೆ ಕುಳಿತು, ಮತ್ತೆ ಕರೆಮಾಡಿ ನಡೆದದ್ದನ್ನು ಹೇಳಿದೆ. ಆ ಬದಿಯಲ್ಲಿ ಸ್ವಲ್ಪ ಹೊತ್ತು ಮೌನ. ಅನಂತರ ಅವನು ಶಾಂತವಾಗಿ ಹೇಳಿದ: “ದೀಪವನ್ನು ಮೊದಲಿಗಿಂತಲೂ ತಗ್ಗಿಸಿ. ಬೇರೆ ಏನನ್ನೂ ಮಾಡಬೇಡಿ. ಏನನ್ನೂ ಸೇರಿಸಬೇಡಿ. ಅದು ಇನ್ನೂ ಸತ್ತಿಲ್ಲ.”

ನಾನು ಸೌಂದರ್ಯವೆಂದು ಕಂಡದ್ದು ಹಸಿವು. ಬೆಳಕು ದಿಢೀರನೆ ಮಿತಿಮೀರಿದಾಗ ಒಳಗಿನ ಪಾಚಿಯ ಅಡುಗೆ ಕೆಟ್ಟು ವಿಷಕಾರಿ ಆಮ್ಲಜನಕ ರೂಪಗಳು ಹುಟ್ಟುತ್ತವೆ. ಹವಳ ಜೀವ ಉಳಿಸಿಕೊಳ್ಳಲು ಬಿಡಾರದವರನ್ನೇ ಹೊರದಬ್ಬುತ್ತದೆ. ಆಗ ಪಾರದರ್ಶಕ ಮಾಂಸದ ಮೂಲಕ ಒಳಗಿನ ಬಿಳಿ ಎಲುಬು ಕಾಣುತ್ತದೆ. ಜೀವವಿದೆ, ಅಡುಗೆಯವರಿಲ್ಲ. ಪಾಚಿ ಕೆಲವು ವಾರಗಳಲ್ಲಿ ಮರಳಿದರೆ ಉಳಿಯಿತು, ಇಲ್ಲವಾದರೆ ಇಲ್ಲ.

ಏನನ್ನೂ ಮಾಡದಿರುವುದು ನನ್ನ ಜೀವನದ ಅತ್ಯಂತ ಕಠಿಣ ಕೆಲಸಗಳಲ್ಲಿ ಒಂದಾಯಿತು. ಅಳಿಯ ಹಿಂದಿರುಗುವಷ್ಟರಲ್ಲಿ ಕವಲುಗಳ ಮೇಲೆ ಹಸಿರು ಲೋಳೆ ಹಬ್ಬಿತ್ತು. ಅವನು ತೋಳನ್ನು ನೀರಿನೊಳಗಿಳಿಸಿ ಹವಳವನ್ನು ಹೊರತೆಗೆದ. ನೆರಳಿದ್ದ ಅಡಿಭಾಗದಲ್ಲಿ ಎರಡು ತುದಿಗಳಲ್ಲಷ್ಟೇ ಕಂದು ಉಳಿದಿತ್ತು. ಒಂದು ತಿಂಗಳ ಹಿಂದೆ ನಾವು ಕೊರತೆಯೆಂದು ಭಾವಿಸಿದ್ದ ಅದೇ ಕಂದು! ಆ ಎರಡನ್ನು ಕತ್ತರಿಸಿ, ಅಂಟು ಹಚ್ಚಿ, ಪಿಂಗಾಣಿಯ ಬಿಲ್ಲೆಗಳ ಮೇಲೆ ನಿಲ್ಲಿಸಿ ತೊಟ್ಟಿಯ ತಳದಲ್ಲಿಟ್ಟ.

“ಕೋಪವಿಲ್ಲವೇ?” ಎಂದೆ.

“ಮೊದಲ ವರ್ಷ ನಾನೂ ಮೂರು ಹವಳ ಕೊಂದಿದ್ದೇನೆ ಮಾವ. ಮೂರನ್ನೂ ಸುಧಾರಿಸಲು ಹೋಗಿಯೇ.” ಸ್ವಲ್ಪ ತಡೆದು ಹೇಳಿದ: “ಅಮ್ಮನ ಕೊನೆಯ ದಿನಗಳಲ್ಲಿ ಒಂದು ಲೋಟ ನೀರನ್ನೂ ಕೊಡಲಾಗಲಿಲ್ಲ. ದಿನವೂ ಸಂಜೆ ಮನೆಗೆ ಬಂದು ಏನನ್ನಾದರೂ ನೋಡಿಕೊಳ್ಳಬೇಕು ಅನ್ನಿಸುತ್ತಿತ್ತು.”

ಶುಲ್ಕದ ಮಾತಿಗಾಗಿ ಅಂದು ಕ್ಷಮೆ ಕೇಳಿದೆ. ಅವನಿಗದು ನೆನಪೇ ಇಲ್ಲವೆಂದ. ಇತ್ತೆಂದು ನನಗೆ ಗೊತ್ತು.

ಊರಿಗೆ ಮರಳಿದ ಮೇಲೆ ನನ್ನ ಕಣ್ಣು ಸ್ವಲ್ಪ ಬದಲಾಯಿತು. ನಮ್ಮ ಅರಸೀಕೆರೆಯ ಕೊಳವೆಬಾವಿಯ ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಅಡುಗೆಯಾಕೆ ಅದನ್ನು ಉಜ್ಜಿ ಉಜ್ಜಿ ಶಪಿಸುತ್ತಾಳೆ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹವಳ ತನ್ನ ಮನೆ ಕಟ್ಟುವುದೂ ಅದರಿಂದಲೇ. ಬೆಂಕಿಯ ಅವಸರದಲ್ಲಿ ಕೂತರೆ ಹಕ್ಕಳೆ. ಜೀವದ ನಿಧಾನದಲ್ಲಿ ಕೂತರೆ ಕವಲು. ಸಂಜೆಯ ನಡಿಗೆಯಲ್ಲಿ ಕೆಲವೊಮ್ಮೆ 1220ರ ಸುಮಾರಿಗೆ ಕಟ್ಟಿದ ನಮ್ಮೂರ ಈಶ್ವರ ದೇಗುಲದ ಹೊರಗೆ, ನಕ್ಷತ್ರಾಕಾರದ ಮಂಟಪವನ್ನು ನೋಡುತ್ತ ನಿಲ್ಲುತ್ತೇನೆ. ಪೊರೈಟಿಸ್ ಎಂಬ ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದಂತೆ. ಹೊಯ್ಸಳರ ಆ ಶಿಲ್ಪಿಗಳು ಉಳಿಯೆತ್ತಿದ ದಿನ ಹುಟ್ಟಿದ ಹವಳವೊಂದು ಅಡೆತಡೆಯಿಲ್ಲದೆ ಬೆಳೆದಿದ್ದರೆ ಈಗ ಎಂಟು ಮೀಟರ್ ಎತ್ತರವಾಗಿರುತ್ತಿತ್ತು. ಕೆಡಿಸಲು ನನಗೆ ಬೇಕಾದದ್ದು ಎಂಟು ದಿನ.

ಧರ್ಮಕೇಂದ್ರದ ಹುಡುಗರಿಗೆ ಈ ಕಥೆ ಹೇಳಿದಾಗ “ನಾವೂ ಇಲ್ಲಿ ಹವಳ ಸಾಕೋಣವೇ ಫಾದರ್?” ಎಂದು ಕೇಳಿದರು. ಬೇಡವೆಂದೆ. ಭಾರತದಲ್ಲಿ 2001ರಿಂದ ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ನೋಡಲೇಬೇಕೆಂದರೆ ಮುರ್ಡೇಶ್ವರದಾಚೆ ಕಡಲಿನಲ್ಲಿ ನಮ್ಮದೇ ನೇತ್ರಾಣಿ ದ್ವೀಪವಿದೆ. ನೋಡಿ ಬರಬೇಕು, ತರಬಾರದು.

2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳು ವ್ಯಾಪಕವಾಗಿ ಬಿಳಿಚಿಕೊಂಡಿವೆಯೆಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು. 2023ರ ಅಕ್ಟೋಬರ್ ಕೊನೆಯಿಂದ ಆ ಕಡಲು ಕಾದೇ ಇತ್ತು. ಅದೇ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೆಯ ಸಾರ್ವತ್ರಿಕ ಹವಳ ಬಿಳಿಚುವಿಕೆಯನ್ನು ಘೋಷಿಸಿದ್ದರು. ಹಿಂದೆಯಾದರೆ ಆ ಸುದ್ದಿಯನ್ನು ಓದಿ ಪುಟ ತಿರುಗಿಸುತ್ತಿದ್ದೆ. ಈ ಸಲ ಬಿಳಿಯ ಕವಲುಗಳ ಚಿತ್ರ ಕಂಡು ಕೈ ನಡುಗಿತು. ನನ್ನ ತೊಟ್ಟಿಯಲ್ಲಿ ತಗ್ಗಿಸಲು ಒಂದು ಗುಂಡಿಯಿತ್ತು. ಕಡಲಿನ ಕಾವಿಗೆ ಅಂಥ ಗುಂಡಿಯೊಂದೂ ಇಲ್ಲ. ಅದನ್ನು ಏರಿಸಿದ ಕೈಗಳಲ್ಲಿ “ನಾನಲ್ಲ” ಎನ್ನುವ ಕೈಗಳೇ ಬಹಳ.

ಆ ಜೂನ್ ತಿಂಗಳಲ್ಲಿ ಅಳಿಯನಿಂದ ಒಂದು ಚಿತ್ರ ಬಂತು. ಎರಡು ತುಣುಕುಗಳಲ್ಲಿ ಒಂದು ಹಿಂದಿನ ವರ್ಷವೇ ಸತ್ತಿತ್ತು. ಇನ್ನೊಂದು ಹೆಬ್ಬೆರಳಿನಷ್ಟಾಗಿ ಮೂರು ಕವಲೊಡೆದಿತ್ತು. ಬುಡ ಇನ್ನೂ ಕಂದು. ಮೂರು ತುದಿಗಳಲ್ಲಿ ಮಾತ್ರ ನೇರಳೆ. ಕೂಡಲೇ ಕರೆಮಾಡಿ, ಬಣ್ಣ ಬರಿಸಲು ಏನು ಮಾಡಿದೆಯೆಂದು ಕೇಳಿದೆ.

“ಹೊಸದೇನಿಲ್ಲ ಮಾವ” ಎಂದ. “ಇವತ್ತೂ ಅಳೆದೆ. ಎಂಟೇ ಇದೆ.”